ಮೂರು ಮದ್ದು, ಎರಡು ತಾಸು

ಮೂವರು ಕೂಡಿ ಒಂದು ದಾರಿ ನಡೆಯುತ್ತಿದ್ದಾರೆ. ಇಬ್ಬರ ಬಲ ಎಷ್ಟು ಬಳಸಿದರೂ ತೀರುವಂಥದ್ದಲ್ಲ. ಮೂರನೆಯವಳ ಬಲವನ್ನು ದಿನಕ್ಕೆ ಮೂರು ಸಲ ಬಳಸಿದರೆ ಮುಗಿಯಿತು. ಅವಳದು ಮುಗಿದಾಗ ನಿಲ್ಲಬೇಕೋ ಸಾಗಬೇಕೋ ಎಂಬುದನ್ನು ಮೂವರ ಕೈಯೆತ್ತಿಸಿ ತೀರ್ಮಾನಿಸುವುದು ನ್ಯಾಯವೆಂದು ನೀವು ಒಪ್ಪುತ್ತೀರಾ?

ನಾನು ಒಪ್ಪಿದ್ದೆ. ಒಪ್ಪಿ ಸುಮ್ಮನಿರದೆ ಅದನ್ನು ನಿಯಮವಾಗಿ ಬರೆದು, ಇಪ್ಪತ್ತು ಪುಟಗಳ ಒಂದು ಪುಸ್ತಿಕೆಯಲ್ಲಿ ಸೇರಿಸಿ, ಶಹಾಪುರದ ಜೆರಾಕ್ಸ್ ಅಂಗಡಿಯಲ್ಲಿ ಮೂವತ್ತು ಪ್ರತಿ ತೆಗೆಸಿ ಹಂಚಿದ್ದೆ. ಪುಸ್ತಿಕೆಯ ಮೊದಲ ಪುಟದಲ್ಲಿ ನನ್ನ ಹೆಸರಿತ್ತು. ಇಂದು ಆ ಹೆಸರಿನ ಬಗ್ಗೆ ನನಗೆ ನಾಚಿಕೆಯಿದೆ.

ಕಳೆದ ಚಳಿಗಾಲ ಒಂದು ಚರ್ಚಾಸ್ಪರ್ಧೆಯ ತೀರ್ಪುಗಾರನಾಗಿ ಮತ್ತೆ ಶಹಾಪುರಕ್ಕೆ ಹೋದೆ. ಯಾದಗಿರಿಯಲ್ಲಿ ರೈಲಿಳಿದು, ಭೀಮೆಯ ಸೇತುವೆ ದಾಟಿ, ಬಸ್ಸಿನ ಕಿಟಕಿಯಲ್ಲಿ ಮಲಗಿದ ಬುದ್ಧನ ಗುಡ್ಡ ಕಾಣುವವರೆಗೂ ಮನಸ್ಸು ಶಾಂತವಾಗಿಯೇ ಇತ್ತು. ಬಸ್ ನಿಲ್ದಾಣದಿಂದ ನಡೆದು ಹೋಗುವಾಗ ದನದ ಮೇವಿನ ಅಂಗಡಿಯೊಂದರ ಮುಂದೆ ಹಿಂಡಿಯ ಚೀಲಗಳನ್ನು ಇಳಿಸುತ್ತಿದ್ದರು. ಹತ್ತಿಕಾಳಿನ ಹಿಂಡಿಗೆ ಒಂದು ಜಿಡ್ಡಾದ, ಸ್ವಲ್ಪ ಸಿಹಿಯಾದ, ಹುರಿದ ವಾಸನೆಯಿದೆ. ಅದು ಮೂಗಿಗೆ ಬಡಿದದ್ದೇ ಕಾಲುಗಳು ನಿಂತವು. ಒಂದು ಇಡೀ ಸುಗ್ಗಿ, ದೀಪಾವಳಿಯಿಂದ ಶಿವರಾತ್ರಿಯವರೆಗಿನ ಭಾನುವಾರಗಳೆಲ್ಲ, ನಾನು ಆ ವಾಸನೆಯ ನಡುವೆ ಕುಳಿತು ಒಬ್ಬ ಹುಡುಗಿಗೆ ಅನ್ಯಾಯ ಮಾಡಿದ್ದೆ. ಅದನ್ನು ನ್ಯಾಯದ ಭಾಷೆಯಲ್ಲೇ ಮಾಡಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ಶಹಾಪುರದ ಒಂದು ಪದವಿ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕನಾಗಿದ್ದೆ. ವಿದ್ಯಾರ್ಥಿ ದೆಸೆಯಲ್ಲಿ ಚರ್ಚಾವೇದಿಕೆಗಳಲ್ಲಿ ಬೆಳೆದವನು. ಸರಿಯಾದ ವಾದಕ್ಕೆ ಜಗತ್ತು ಇಂದಲ್ಲ ನಾಳೆ ಮಣಿದೇ ಮಣಿಯುತ್ತದೆ ಎಂಬ ನಂಬಿಕೆ ಆಗಿನ್ನೂ ಮುಕ್ಕಾಗಿರಲಿಲ್ಲ. ಅದೇ ಉತ್ಸಾಹದಲ್ಲಿ ಮೇಜಿನ ಮೇಲೆ ಆಡುವ ಕಥೆಯಾಟವೊಂದನ್ನು ಕನ್ನಡಕ್ಕೆ ಒಗ್ಗಿಸಿದೆ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ಆ ಕಥೆಯೊಳಗೆ ಬದುಕುತ್ತಾರೆ. ಬಾಗಿಲು ತೆರೆಯಬೇಕೋ ಬೇಡವೋ, ಹೊಡೆಯಬೇಕೋ ಮಾತಾಡಬೇಕೋ ಎಂಬುದನ್ನು ಆಟಗಾರರೇ ಹೇಳಬೇಕು; ಹೇಳಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಬೇರೆಬೇರೆ ಮನೆಗಳ ಮಕ್ಕಳು ಒಂದೇ ಮೇಜಿಗೆ ಕುಳಿತು ಕೂಡಿ ನಿರ್ಧರಿಸುವುದನ್ನು ಕಲಿತರೆ ಅದು ನೂರು ಉಪನ್ಯಾಸಕ್ಕೆ ಸಮ ಎಂದು ನನ್ನ ಲೆಕ್ಕ.

ಪಾತ್ರಗಳಿಗೆ ಮೂರು ಕಸುಬು ಇಟ್ಟಿದ್ದೆ. ಕತ್ತಿಯಾಳು ಪ್ರತಿ ಸರದಿಯಲ್ಲೂ ಕತ್ತಿ ಬೀಸಬಹುದು. ಬಿಲ್ಲಾಳು ಪ್ರತಿ ಸರದಿಯಲ್ಲೂ ಬಾಣ ಬಿಡಬಹುದು. ಮದ್ದುಗಾತಿಗೆ ದಿನಕ್ಕೆ ಮೂರು ಮದ್ದು. ಪ್ರತಿ ಪಾತ್ರಕ್ಕೂ ಹತ್ತು ಉಸಿರು. ಪೆಟ್ಟು ಬಿದ್ದಂತೆ ಉಸಿರು ಇಳಿಯುತ್ತದೆ; ಪೂರ್ತಿ ತೀರಿ ಬಿದ್ದವರಿಗೆ ಆಗಲೇ ಮದ್ದು ಸಿಗದಿದ್ದರೆ ಸಾವು. ಒಂದು ಮದ್ದು ನಾಲ್ಕು ಉಸಿರನ್ನು ಮರಳಿಸುತ್ತದೆ. ಕಥೆಯೊಳಗಿನ ಪಾತ್ರಗಳು ಬಿಡಾರ ಹೂಡಿ ಮಲಗಿ ಎದ್ದರೆ ಎಲ್ಲರ ಉಸಿರೂ ಮದ್ದೂ ಮತ್ತೆ ತುಂಬುತ್ತವೆ. ಮದ್ದು ಮುಗಿದ ಮದ್ದುಗಾತಿಗೆ ಕೈಯಲ್ಲೊಂದು ಕೋಲು. ಅದರ ಪೆಟ್ಟಿಗೆ ಇಲಿಯೂ ಸಾಯದು. ಬಿಡಾರ ಹೂಡುವುದು ಯಾವಾಗ? ಬಹುಮತ ಬಂದಾಗ. ಇದು ಹನ್ನೊಂದನೆಯ ಪುಟದ ನಿಯಮ. ಬರೆದ ದಿನ ಪೆನ್ನು ಕೆಳಗಿಟ್ಟು ನಾನೇ ನನ್ನ ಬೆನ್ನು ತಟ್ಟಿಕೊಂಡಿದ್ದೆ.

ಆಟಗಾರರು ಮೂವರು. ಬಸವರಾಜ, ಹತ್ತಿ ವ್ಯಾಪಾರಿಯ ಮಗ, ನಮ್ಮ ಕಾಲೇಜಿನ ಚರ್ಚಾತಂಡದ ನಾಯಕ, ನಾನೇ ತಿದ್ದಿದ ಮಾತುಗಾರ. ಖಾಜಾ, ದರ್ಜಿಯ ಮಗ, ಅವನು ಇದ್ದಲ್ಲಿ ಯಾರೂ ಐದು ನಿಮಿಷಕ್ಕಿಂತ ಹೆಚ್ಚು ಗಂಭೀರವಾಗಿರಲು ಸಾಧ್ಯವಿರಲಿಲ್ಲ. ಶರಣಮ್ಮ, ಸುರಪುರದ ಕಡೆಗೆ ಕಾಲುವೆಯಾಚೆಯ ಒಂದು ಹಳ್ಳಿಯವಳು. ಅಂತಿಮ ವರ್ಷದ ಬಿ.ಎ.; ತರಗತಿಯಲ್ಲಿ ಕೇಳಿದರಷ್ಟೇ ಉತ್ತರಿಸುವವಳು, ಉತ್ತರಿಸಿದರೆ ತಪ್ಪದವಳು. ಕೂಡುತ್ತಿದ್ದ ಜಾಗ ಬಸವರಾಜನ ಮನೆಗೆ ಹತ್ತಿದ ಗೋದಾಮಿನ ಮುಂಗೋಣೆ. ಒಳಗೆ ಹತ್ತಿಕಾಳು, ಹಿಂಡಿಯ ಚೀಲಗಳು. ಹೊರಗೆ ಕಟ್ಟೆಯ ಮೇಲೆ ಬಸವರಾಜನ ತಾಯಿ ತೊಗರಿ ಹಸನು ಮಾಡುತ್ತ ಕೂಡುತ್ತಿದ್ದರು. ಅವರು ಅಲ್ಲಿರುತ್ತಾರೆಂಬ ಕಾರಣಕ್ಕೇ ಶರಣಮ್ಮನನ್ನು ಮನೆಯಿಂದ ಕಳಿಸಿದ್ದರು.

ಕಳಿಸುವುದಕ್ಕೂ ಒಂದು ಕರಾರಿತ್ತು. ಭಾನುವಾರ ಬೆಳಗಿನಿಂದ ಹತ್ತಿ ಬಿಡಿಸಿ, ಹನ್ನೆರಡರ ಬಸ್ಸು ಹಿಡಿದು ಬಂದರೆ ಒಂದಕ್ಕೆ ಶಹಾಪುರ. ಮೂರರ ಹಳ್ಳಿ ಬಸ್ಸಿಗೆ ತಿರುಗಿ ಹೋಗಲೇಬೇಕು. ಅದನ್ನು ಬಿಟ್ಟರೆ ಸಂಜೆಯ ಬಸ್ಸೇ ಗತಿ. ಒಂದರಿಂದ ಮೂರು, ಎರಡು ತಾಸು. ಅಣ್ಣನಿಗೆ ಆಡಿದ ಮಾತು ಒಂದು ಸಲ ತಪ್ಪಿದರೆ ಈ ಎರಡು ತಾಸೂ ಹೋದಂತೆಯೇ. ಇದನ್ನು ಅವಳು ಮೊದಲ ದಿನವೇ ನಮ್ಮೆಲ್ಲರ ಮುಂದೆ ಹೇಳಿದ್ದಳು. ಬೆರಳ ತುದಿಗಳಲ್ಲಿ ಹತ್ತಿಕಾಯಿಯ ಚಿಪ್ಪು ಚುಚ್ಚಿದ ಗೀರುಗಳಿದ್ದವು. ಆ ಬೆರಳುಗಳಲ್ಲಿ ದಾಳ ಹಿಡಿದಾಗ ಅವಳ ಮುಖದಲ್ಲಿ ಮೂಡುತ್ತಿದ್ದ ಬೆಳಕನ್ನು ನಾನು ಯಾವ ತರಗತಿಯಲ್ಲೂ ಕಂಡಿರಲಿಲ್ಲ.

ಕಸುಬು ಆರಿಸುವ ದಿನ ಜಾಗ ಕೊಟ್ಟವನಿಗೆ ಮೊದಲ ಆಯ್ಕೆ ಎಂದು ಖಾಜಾನೇ ಹೇಳಿದ. ಬಸವರಾಜ ಕತ್ತಿ ಎತ್ತಿಕೊಂಡ.

"ನಂಗ ಬಿಲ್ಲು" ಎಂದ ಖಾಜಾ. "ದೂರ ನಿಂತು ಹೊಡದ್ರ ಅಂಗಿ ಹರಿಯಂಗಿಲ್ಲ. ಹರದ್ರ ನಮ್ಮಪ್ಪ ಹೊಲೀಬೇಕಾಗ್ತದ."

"ಉಳದದ್ದು ಯಾವ್ದದ, ಅದ ಕೊಡ್ರಿ ಸರ" ಎಂದಳು ಶರಣಮ್ಮ.

ಉಳಿದದ್ದೇ ಎಲ್ಲಕ್ಕಿಂತ ಮಹತ್ವದ ಕಸುಬೆಂದು ನಾನು ಚಿಕ್ಕದೊಂದು ಭಾಷಣ ಮಾಡಿದೆ. ಜೀವ ತೆಗೆಯುವವನಿಗಿಂತ ಜೀವ ಉಳಿಸುವವಳು ದೊಡ್ಡವಳು ಎಂದೆ. ಮಾತು ಚೆನ್ನಾಗಿತ್ತು. ಮಹತ್ವದ ಕಸುಬನ್ನು ಇಬ್ಬರೂ ಯಾಕೆ ಬಿಟ್ಟುಕೊಟ್ಟರೆಂದು ಕೇಳಿಕೊಳ್ಳಲಿಲ್ಲ.

ಮೊದಲ ಭಾನುವಾರಗಳು ನಿಜಕ್ಕೂ ಸುಂದರವಾಗಿದ್ದವು. ಕಲ್ಲುಗುಡ್ಡದ ಮೇಲೊಂದು ಪಾಳು ಕೋಟೆ, ಅದರೊಳಗೆ ಕಳೆದುಹೋದ ಬಾವಿಯ ಜಾಡು, ದಾರಿಯುದ್ದ ಕಳ್ಳರು, ತೋಳಗಳು. ಖಾಜಾನ ಬಾಣ ಗುರಿ ತಪ್ಪಿ ಬಸವರಾಜನ ಭುಜಕ್ಕೆ ನಾಟಿದಾಗ ಕಟ್ಟೆಯ ಮೇಲಿದ್ದ ಅವ್ವನವರೂ ನಕ್ಕಿದ್ದರು. "ಶರಣಕ್ಕಾ, ಇವನಿಗೊಂದು ಹೊಲಿಗಿ ಹಾಕವ್ವಾ" ಎನ್ನುವುದು ಖಾಜಾನ ಪಲ್ಲವಿ. ಅವಳು ನಗುತ್ತಲೇ ಎದುರಿನ ಬಟ್ಟಲಿನಿಂದ ಒಂದು ತೊಗರಿ ಕಾಳು ತೆಗೆದು ತಾಟಿನಲ್ಲಿ ಹಾಕುತ್ತಿದ್ದಳು. ಒಂದು ಕಾಳೆಂದರೆ ಒಂದು ಮದ್ದು.

ಕಾಳು ಎಷ್ಟು ಬೇಗ ಮುಗಿಯುತ್ತವೆಂಬುದು ನನ್ನ ಕಣ್ಣಿಗೆ ಬೀಳಲು ಒಂದು ತಿಂಗಳು ಬೇಕಾಯಿತು. ಅದೂ ನಾನಾಗಿ ಕಂಡದ್ದಲ್ಲ. ಒಂದು ಮಧ್ಯಾಹ್ನ ಚಹಾ ತಂದ ಅವ್ವನವರು ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದರು.

"ಅಲ್ಲೋ ಬಸು, ಆ ಹುಡುಗಿ ಬರೇ ಕೂತಾಳಲ್ಲೋ. ಆಗಿಂದ ನೀವಿಬ್ಬರ ಒದರ್‍ಯಾಡಾಕತ್ತೀರಿ. ಅಕಿಗೂ ಒಂದು ಕೈ ಕೊಡ್ರೋ."

"ಅಕಿದು ಖಲಾಸ್ ಆಗ್ಯದ ಬೇ" ಎಂದ ಬಸವರಾಜ, ದಾಳದಿಂದ ಕಣ್ಣೆತ್ತದೆ.

"ಖಲಾಸ್ ಆದ್ರ ಮತ್ತ ತುಂಬ್ರಿ. ಹಾಲಿನ ಗಿಂಡಿ ಏನದು, ಎಮ್ಮಿ ಹಿಂಡೋತನಕ ಕಾಯಾಕ?"

ನಾನು ಗಡಿಯಾರ ನೋಡಿದೆ. ಒಂದೂ ಮುಕ್ಕಾಲು. ಮೂರೂ ಕಾಳು ತಾಟಿನಲ್ಲಿದ್ದವು. ಬಿಡಾರ ಹೂಡೋಣವೇ ಎಂದು ಮತಕ್ಕೆ ಹಾಕಿದ್ದೆ. ಎರಡಕ್ಕೆ ಒಂದರಿಂದ ಪ್ರಸ್ತಾವ ಬಿದ್ದಿತ್ತು. ಅಂದರೆ ಬೆಳಗಿನಿಂದ ದುಡಿದು, ಎರಡು ಬಸ್ಸಿನ ನಡುವೆ ಗಳಿಸಿಕೊಂಡ ಎರಡು ತಾಸಿನಲ್ಲಿ ಅವಳು ಆಡುತ್ತಿದ್ದದ್ದು ಮುಕ್ಕಾಲು ತಾಸು. ಉಳಿದ ಹೊತ್ತು ಇಬ್ಬರು ಗಂಡುಹುಡುಗರು ಆಡುವುದನ್ನು ನೋಡುತ್ತಿದ್ದಳು. ಅದನ್ನು ಅವಳು ತನ್ನ ಮನೆಯಲ್ಲೇ ಕುಳಿತು ನೋಡಬಹುದಿತ್ತು.

ನಾನು ಸುಧಾರಣೆಗೆ ಕೈಹಾಕಿದೆ. ಮೂರು ಮದ್ದನ್ನು ಐದು ಮಾಡಿದೆ. ಮದ್ದು ಹೆಚ್ಚಿದೆಯೆಂದು ತಿಳಿದದ್ದೇ ಬಸವರಾಜ ಗುರಾಣಿ ಎತ್ತುವುದನ್ನು ಬಿಟ್ಟ. ಎದೆಯೊಡ್ಡಿ ನುಗ್ಗುವುದು, ಬಿದ್ದರೆ ಶರಣಮ್ಮ ಎಬ್ಬಿಸುವುದು. ಐದು ಕಾಳೂ ಹಿಂದಿನ ಮೂರರಷ್ಟೇ ಬೇಗ ತಾಟು ಸೇರಿದವು. ನಡುಹಗಲಿಗೆ ಬುತ್ತಿ ಬಿಚ್ಚುವ ಹೊತ್ತೆಂದು ಒಂದು ಅಲ್ಪವಿರಾಮ ಇಟ್ಟೆ. ಆಗ ಅರ್ಧ ಮದ್ದು ಮರಳಲಿ ಎಂದೆ. ಅದಕ್ಕೆ ಮತ ಬೇಕಿರಲಿಲ್ಲವಾದ್ದರಿಂದ ಖಾಜಾ ಪ್ರತಿ ಕಾಳಗದ ನಂತರವೂ "ಹಸಿವಾಗ್ಯದ, ಬುತ್ತಿ ಬಿಚ್ರೋ" ಎನ್ನತೊಡಗಿದ. ಒಂದೇ ದಿನದಲ್ಲಿ ಒಂಬತ್ತು ಊಟ ಮಾಡುವ ವೀರರ ಕಥೆಯಲ್ಲಿ ಯಾರಿಗೆ ತಾನೆ ಭಯವಿರುತ್ತದೆ? ಆಟ ಸಪ್ಪೆಯಾಯಿತು, ಬುತ್ತಿಯನ್ನು ನಾನೇ ಕಿತ್ತುಹಾಕಿದೆ. ಆಮೇಲೆ ಸಮಸ್ಯೆಯ ಬೇರು ಕತ್ತಿಯಲ್ಲಿದೆ ಎನಿಸಿ, ಜೋರಿನ ಪೆಟ್ಟನ್ನು ದಿನಕ್ಕೆ ಎರಡೇ ಸಲ ಹೊಡೆಯಬೇಕೆಂದು ಬರೆದೆ.

"ಕತ್ತಿಗೂ ರೇಷನ್ ಕಾರ್ಡ್ ಮಾಡ್ಸಿದ್ರೇನ್ರಿ ಸರ?" ಎಂದ ಬಸವರಾಜ. ಖಾಜಾ ಬಿದ್ದುಬಿದ್ದು ನಕ್ಕ. ಆ ನಿಯಮ ಎರಡು ವಾರ ಬದುಕಿತು. ಕತ್ತಿಯಾಳಿಗೆ ಜೋರಿನ ಪೆಟ್ಟು ಮುಗಿದರೂ ಸಾದಾ ಪೆಟ್ಟು ಇದ್ದೇ ಇತ್ತು. ಅವನು ಎಂದೂ ಬರಿಗೈಯಾಗಲಿಲ್ಲ. ಗೊಣಗಾಟ ಹೆಚ್ಚಾದಾಗ ಹಳೆಯದನ್ನೇ ಮರಳಿಸಿದೆ. ಅವಳು ಮಾತ್ರ ಒಂದು ದಿನವೂ ಗೊಣಗಿರಲಿಲ್ಲ. ಗೊಣಗದವರ ನಿಯಮ ತಾನಾಗಿ ಬದಲಾಗುವುದಿಲ್ಲ ಎಂಬ ಇಷ್ಟು ಸರಳ ಸಂಗತಿ ರಾಜ್ಯಶಾಸ್ತ್ರ ಕಲಿಸುವ ನನಗೆ ಹೊಳೆಯಲಿಲ್ಲ.

ಇದೆಲ್ಲಕ್ಕಿಂತ ಕೆಟ್ಟದ್ದು ಮುಂದಿನ ತಿದ್ದುಪಡಿ. ಕಥೆಗೆ ಬಿಗಿ ಬರಲೆಂದು ಏಳು ಚೌಕಗಳ ಒಂದು ಪಟ್ಟಿ ಬರೆದೆ. ತಂಡ ಒಂದು ಸಲ ಬಿಡಾರ ಹೂಡಿದರೆ ಶತ್ರುಸೈನ್ಯ ಒಂದು ಚೌಕ ಮುಂದೆ ಬರುತ್ತದೆ. ಏಳನೆಯ ಚೌಕಕ್ಕೆ ಬಂದರೆ ಕೋಟೆಯ ಕೆಳಗಿನ ಊರು ಸುಡುತ್ತದೆ. ಅಲ್ಲಿಯವರೆಗೆ ಶರಣಮ್ಮ ಬಿಡಾರ ಕೇಳಿದರೆ ಉಳಿದಿಬ್ಬರಿಗೆ ಬೇಸರವಷ್ಟೇ ಆಗುತ್ತಿತ್ತು. ಈಗ ಅವಳು ಕೇಳುವುದೇ ಅಪರಾಧವಾಯಿತು.

"ನೋಡ್ಕೋ ಶರಣಮ್ಮ" ಎನ್ನುತ್ತಿದ್ದ ಬಸವರಾಜ, "ನೀ ಮಲಗ್ತಿ, ಅಲ್ಲಿ ಊರು ಸುಡ್ತದ. ಕೂಸುಗಳು, ಮುದುಕ್ಯಾರು. ನಿನಗ ನಡೀತದೇನು?"

ಅವಳು ಎತ್ತಿದ ಕೈ ಇಳಿಸುತ್ತಿದ್ದಳು. ಆಮೇಲಾಮೇಲೆ ಎತ್ತುವುದನ್ನೇ ಬಿಟ್ಟಳು. ಮೂರಕ್ಕೆ ಮೂರು ಮತಗಳಿಂದ ಮುಂದೆ ಸಾಗುವುದೆಂದು ತೀರ್ಮಾನವಾದಾಗ, ಒಮ್ಮತ ಮೂಡಿತೆಂದು ನಾನು ಮನೆಗೆ ಬಂದು ದಿನಚರಿಯಲ್ಲಿ ಬರೆದುಕೊಂಡೆ.

ಸಂಕ್ರಾಂತಿಯ ನಂತರದ ಭಾನುವಾರ ಅವಳು ಬಾಯಿಬಿಟ್ಟಳು. ದಾಳ ಎತ್ತುವ ಮೊದಲೇ, ನಿಂತುಕೊಂಡೇ ಹೇಳಿದಳು: "ಸರ, ನಂದು ಮುಗದ ಮ್ಯಾಲ ನಾ ಏನ್ ಮಾಡ್ಬೇಕ್ರಿ? ವೋಟಿನ್ಯಾಗ ನಾ ಗೆಲ್ಲಂಗಿಲ್ಲ. ಇದಕ್ಕ ಏನರ ಮಾಡ್ರಿ."

ಆ ಕ್ಷಣದಲ್ಲಿ ಹನ್ನೊಂದನೆಯ ಪುಟಕ್ಕೆ ಒಂದು ಗೀಟು ಹಾಕಿದ್ದರೆ ಸಾಕಿತ್ತು. ನಾನು ಮಾಡಿದ್ದು ಬೇರೆ. ಇಂಥ ಕೆಲಸವನ್ನು ನನ್ನಂತೆ ವೇದಿಕೆಯ ಮೇಲೆ ಬೆಳೆದವನು ಮಾತ್ರ ಮಾಡಬಲ್ಲ. ಅವಳ ದೂರನ್ನು ಚರ್ಚೆಯ ವಿಷಯವನ್ನಾಗಿ ಮಾಡಿದೆ. "ದಣಿದ ಒಬ್ಬರ ಕೋರಿಕೆಗೆ ಇಡೀ ತಂಡ ನಿಲ್ಲತಕ್ಕದ್ದು" ಎಂದು ಹಲಗೆಯ ಮೇಲೆ ಬರೆದೆ. ಪರವಾಗಿ ಶರಣಮ್ಮ, ವಿರೋಧವಾಗಿ ಬಸವರಾಜ, ತಲಾ ಐದು ನಿಮಿಷ, ತೀರ್ಪುಗಾರ ನಾನು. ಖಾಜಾನ ಕೈಗೆ ಗಂಟೆಯ ಬದಲು ಒಂದು ಲೋಟ, ಚಮಚೆ ಕೊಟ್ಟೆ.

ಶರಣಮ್ಮ ಹೇಳಿದ್ದು ಇಷ್ಟು: "ಕತ್ತಿ ಎಷ್ಟ್ ಬೀಸಿದ್ರೂ ಇರ್ತದ. ಮದ್ದು ತಗದ್ರ ಹೋಗ್ತದ. ತೀರೋ ವಸ್ತು ಯಾರ ಕಡೆ ಅದನೋ, ಯಾವಾಗ ಕೂಡ್ಬೇಕು ಅಂತ ಅವರಿಗೇ ಕೇಳ್ಬೇಕ್ರಿ. ತೀರದವರಿಗೆ ಕೇಳಿದ್ರ ಅವರು ಯಾಕ ಕೂಡೂಣು ಅಂತಾರ?" ಇಷ್ಟು ಹೇಳಿ ಕುಳಿತಳು. ಒಂದು ನಿಮಿಷವೂ ಆಗಿರಲಿಲ್ಲ. "ಇನ್ನಾ ಟೈಮ್ ಅದ ಅಕ್ಕಾ" ಎಂದ ಖಾಜಾ. "ಮುಗೀತು" ಎಂದಳು.

ಬಸವರಾಜ ಐದೂ ನಿಮಿಷ ಮಾತಾಡಿದ. ಒಬ್ಬರ ಅನುಕೂಲಕ್ಕೆ ಸಮೂಹ ತಲೆಬಾಗುವುದು ಪ್ರಜಾಪ್ರಭುತ್ವವಲ್ಲ, ಅದು ನಿಷೇಧಾಧಿಕಾರ ಎಂದ. ದುರ್ಬಲರ ಹೆಸರಿನಲ್ಲಿ ಬರುವ ಸರ್ವಾಧಿಕಾರದ ಬಗ್ಗೆ ಎಚ್ಚರಿಸಿದ. ಕರ್ತವ್ಯ, ತ್ಯಾಗ, ಸಮಷ್ಟಿ ಎಂಬ ಪದಗಳನ್ನು ಎಲ್ಲಿ ಏರಿಸಿ ಎಲ್ಲಿ ಇಳಿಸಬೇಕೆಂದು ನಾನು ಕಲಿಸಿದ್ದೆನೋ ಅಲ್ಲಲ್ಲೇ ಏರಿಸಿ ಇಳಿಸಿದ. ನನ್ನದೇ ಧ್ವನಿ ನನಗೆ ಎದುರಿನಿಂದ ಕೇಳುತ್ತಿತ್ತು, ನಾನು ಮೆಚ್ಚಿ ತಲೆದೂಗುತ್ತಿದ್ದೆ. ಐವತ್ತಕ್ಕೆ ಅವನಿಗೆ ನಲವತ್ತೆರಡು ಕೊಟ್ಟೆ. ಅವಳಿಗೆ ಹತ್ತೊಂಬತ್ತು. ಅವಳ ಅಂಕದ ಹಾಳೆಯ ಕೆಳಗೆ ಷರಾ ಬರೆದೆ: "ಅಂಶಗಳು ಸರಿಯಿವೆ. ಕೊಟ್ಟ ಸಮಯವನ್ನು ಪೂರ್ತಿ ಬಳಸಿಕೊಂಡಿಲ್ಲ."

ಅವಳು ಷರಾ ಓದಿ, ಹಾಳೆಯನ್ನು ಮಡಚಿ, "ಆತ್ ಬಿಡ್ರಿ ಸರ" ಎಂದಳು. ಪ್ರಸ್ತಾವ ಬಿದ್ದಿತ್ತು. ನಿಯಮ ಉಳಿಯಿತು.

ಎರಡು ವಾರ ಬಿಟ್ಟು ನಡೆದದ್ದು ಇದು. ಹೊರಗೆ ಬಿಸಿಲು ಆಗಲೇ ಬೇಸಿಗೆಯ ಬಣ್ಣಕ್ಕೆ ತಿರುಗಿತ್ತು. ಕಥೆಯಲ್ಲಿ ತಂಡ ಸುರಂಗದ ಕೊನೆಯ ಬಾಗಿಲಿಗೆ ಬಂದಿತ್ತು. ಮದ್ದಿನ ಸಂಖ್ಯೆ ಮತ್ತೆ ಮೂರಕ್ಕೆ ಇಳಿದಿತ್ತು. ಎರಡು ಬಳಕೆಯಾಗಿ ಒಂದು ಉಳಿದಿತ್ತು. ಬಸವರಾಜನ ಕತ್ತಿಯಾಳು ಉಸಿರೆಲ್ಲ ತೀರಿ ನೆಲಕ್ಕೆ ಬಿದ್ದಿದ್ದ. ಶರಣಮ್ಮನ ಪಾತ್ರಕ್ಕೆ ಉಳಿದದ್ದು ಎರಡೇ ಉಸಿರು. ಗಡಿಯಾರದಲ್ಲಿ ಎರಡೂವರೆ ಆಗಿ ಹತ್ತು ನಿಮಿಷ.

"ಹೂಂ, ಹಾಕು" ಎಂದ ಬಸವರಾಜ.

"ಇಲ್ಲ."

"ಏನ್ ಇಲ್ಲ?"

"ಇದು ನನಗ ಬೇಕು ಬಸಣ್ಣ. ನಂದೂ ಎರಡ ಉಳದಾವ."

ಬಸವರಾಜನಿಗೆ ಮೊದಲು ಅದು ತಮಾಷೆ ಅನ್ನಿಸಿತು. ಆಮೇಲೆ ನನ್ನ ಕಡೆ ತಿರುಗಿದ. "ಸರ, ಹಿಂಗ ನಡೀತದೇನ್ರಿ? ಮದ್ದುಗಾತಿ ಮದ್ದ ಕೊಡಂಗಿಲ್ಲ ಅಂದ್ರ ಆಟ ಯಾಕ್ರಿ?"

ನಿಯಮದ ಪ್ರಕಾರ ಮದ್ದು ಅವಳದು. ಯಾರಿಗೆ ಕೊಡಬೇಕೆಂಬುದೂ ಅವಳದೇ. ಕಥೆ ನಡೆಸುವವನಾಗಿ ನಾನು ಹೇಳಬೇಕಾದದ್ದು ಅಷ್ಟೇ. ನಾನು ಕುರ್ಚಿ ಮುಂದೆಳೆದು ಅವಳಿಗೆ ತಿಳಿಹೇಳಲು ಕುಳಿತೆ. ಕತ್ತಿಯಿಲ್ಲದೆ ಬಾಗಿಲು ತೆರೆಯದು ಎಂದೆ. ಒಬ್ಬ ಉಳಿದರೆ ಎಲ್ಲರೂ ಉಳಿಯುತ್ತಾರೆ ಎಂದೆ. ಮದ್ದಿನ ಧರ್ಮವೇ ಕೊಡುವುದು ಎಂದೆ. ಅವಳು ಒಂದೊಂದು ಮಾತಿಗೂ ಒಂದೊಂದು ಮಾತಿನಲ್ಲಿ ಉತ್ತರಿಸುತ್ತಿದ್ದಳು. ನಾನು ಒಂದೊಂದನ್ನೂ ಖಂಡಿಸುತ್ತಿದ್ದೆ.

"ಸರ, ಬಸ್ಸಿನ ಟೈಮ್ ಆಗಾಕತ್ತದ."

"ಒಂದೇ ನಿಮಿಷ ಶರಣಮ್ಮ, ಇದೊಂದು ಅಂಶ ಕೇಳು."

ಆ ಒಂದು ನಿಮಿಷ ಎಷ್ಟು ಉದ್ದವಿತ್ತೋ ನನಗೆ ನೆನಪಿಲ್ಲ. ನೆನಪಿರುವುದು ಇಷ್ಟೇ: ಅವಳು ಕೊನೆಗೂ ಕಾಳನ್ನು ಎತ್ತಿ ಬಸವರಾಜನ ಮುಂದಿಟ್ಟಳು, ವಾದ ಗೆದ್ದ ಸಣ್ಣ ಸುಖವೊಂದು ನನ್ನೊಳಗೆ ಹಾದುಹೋಯಿತು. ಬಸವರಾಜ ಎದ್ದು ನಿಂತು ಯಾರನ್ನೂ ಕೇಳದೆ "ಬಾಗಲಾ ತಗದೆ" ಎಂದ. ಬಾಗಿಲ ಹಿಂದೆ ಪೇರಿಸಿದ್ದ ಕಲ್ಲುಗಳು ಎಲ್ಲರ ಮೇಲೂ ಕುಸಿದವು. ದಾಳ ಉರುಳಿಸಿದವನು ನಾನು. ಬಿದ್ದದ್ದು ಮೂರು, ಎಲ್ಲರಿಗೂ ಮೂರು ಉಸಿರಿನ ನಷ್ಟ. ಬಸವರಾಜನಿಗೆ ಒಂದು ಉಳಿಯಿತು. ಖಾಜಾ ಉಳಿದ. ಮದ್ದುಗಾತಿ ಉಳಿಯಲಿಲ್ಲ.

ಶರಣಮ್ಮ ಮೇಜಿನ ಮೇಲಿನ ತನ್ನ ಪಾತ್ರದ ಹಾಳೆಯನ್ನು ಮುಟ್ಟಲೂ ಇಲ್ಲ. ಚೀಲ ಹೆಗಲಿಗೇರಿಸಿ ಹೊರಟಳು. "ಓಡು, ಓಡು, ಹತ್ತು ಮಿನಿಟ್ ಆಗ್ಯದ" ಎಂದು ಕಟ್ಟೆಯಿಂದ ಅವ್ವನವರು ಕೂಗಿದರು. ಅವಳು ಓಡಲಿಲ್ಲ. ಮೂರೂ ಹತ್ತಕ್ಕೆ ಮೂರರ ಬಸ್ಸಿನ ಹಿಂದೆ ಯಾರು ಓಡುತ್ತಾರೆ?

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಸೋಮವಾರಗಳಲ್ಲಿ ತರಗತಿಗೆ ಬರುತ್ತಿದ್ದಳು, ಹಾಜರಿ ಕೂಗಿದಾಗ ಓಗೊಡುತ್ತಿದ್ದಳು, ಅದಕ್ಕಿಂತ ಹೆಚ್ಚಿಲ್ಲ. ಮೂರನೆಯ ಭಾನುವಾರ ನಾನೇ ಹನ್ನೊಂದರ ಬಸ್ಸು ಹತ್ತಿದೆ. ಕಾಲುವೆಯ ದಂಡೆಗುಂಟ ಒಂದು ಮೈಲಿ ನಡೆದರೆ ಅವರ ಹೊಲ. ಹತ್ತಿಯ ಕೊನೆಯ ಬಿಡಿಸು ನಡೆದಿತ್ತು. ನಾಲ್ಕೈದು ಹೆಣ್ಣುಮಕ್ಕಳು ಉಡಿ ಕಟ್ಟಿಕೊಂಡು ಸಾಲಿನಲ್ಲಿ ಬಾಗಿದ್ದರು, ಅವರೊಳಗೆ ಅವಳೂ. ಅವಳ ಅಣ್ಣ ಬದುವಿನ ಮೇಲೆ ಹತ್ತಿ ತುಂಬಿದ ಅಂಡಿಗೆಗೆ ಹೊಲಿಗೆ ಹಾಕುತ್ತಿದ್ದವನು ನನ್ನನ್ನು ಕಂಡು ಎದ್ದ. ಮೂವತ್ತರ ಆಸುಪಾಸಿನ, ಸೌಮ್ಯ ಮುಖದ ಮನುಷ್ಯ.

"ಬರ್ರಿ ಸರ, ಬರ್ರಿ. ನೆಳ್ಳಾಗ ಕೂಡ್ರಿ. ನೀರ್ ಕುಡೀರಿ."

ನೀರು ಕುಡಿದು ನಾನು ಹೆಣ್ಣುಮಕ್ಕಳ ವಿದ್ಯೆಯ ಬಗ್ಗೆ, ಸಮಾನತೆಯ ಬಗ್ಗೆ, ಶರಣಮ್ಮನ ಬುದ್ಧಿಯ ಬಗ್ಗೆ ಹೇಳಿದೆ. ಅವನು ನಡುವೆ ಬಾಯಿ ಹಾಕದೆ ಕೇಳಿದ. ಎಲ್ಲ ಮುಗಿದ ಮೇಲೆ ತಲೆ ತುರಿಸಿಕೊಂಡ.

"ನೀವು ಮಾತಾಡೂದು ಚೊಲೊ ಅದ್ರಿ ಸರ. ಖರೇನ. ನಾನೂ ಬ್ಯಾಡ ಅಂದವನಲ್ಲ. ಮೂರರ ಬಸ್ಸಿಗೆ ಬರ್ತೀನಿ ಅಂತ ಮಾತಾಗಿತ್ತು. ಅಕಿ ಅವತ್ತ ಬಂದಾಗ ದೀಪ ಹಚ್ಚಿದ್ರು. ನಮ್ಮವ್ವ ಊರ ಅಗಸಿ ಬಾಗಲತನಕ ಮೂರು ಸಲ ಹೋಗಿ ಬಂದಾಳ. ಊರಾಗ ಮಂದಿ ಕೇಳ್ತಾರ, ನಾ ಏನಂತ ಹೇಳ್ಲಿ?" ಆಮೇಲೆ ಮೆಲ್ಲಗೆ ಕೇಳಿದ: "ಬಸ್ ತಪ್ಪಿಸಿದವರು ಯಾರ್ರಿ, ಸರ?"

ನಾನು ನೀರಿನ ಚೆಂಬು ಕೆಳಗಿಟ್ಟು ಎದ್ದೆ.

ಹಿಂದಿರುಗುವಾಗ ಕಾಲುವೆಯ ಸೇತುವೆಯವರೆಗೆ ಅವಳು ಬಂದಳು, ಉಡಿಯಲ್ಲಿ ಹತ್ತಿ ಹಾಗೇ ಇತ್ತು. ನಿಯಮ ಬದಲಿಸುತ್ತೇನೆ, ಮತ ಹಾಕುವುದನ್ನೇ ತೆಗೆದುಹಾಕುತ್ತೇನೆ ಎಂದೆ. ಹೊಸ ಪಾತ್ರ ಕೊಡುತ್ತೇನೆ, ಬೇಕಾದರೆ ಕತ್ತಿಯನ್ನೇ ತೆಗೆದುಕೊಳ್ಳಲಿ ಎಂದೆ.

"ಈಗ ಬದಲ್ ಮಾಡಿದ್ರ ಯಾರಿಗ್ರಿ ಸರ? ಅಣ್ಣ ಕಳ್ಸಂಗಿಲ್ಲ. ಅವಂದೇನ್ ತಪ್ಪಿಲ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಮನ್ಯಾಗ ಹೆಂಗೂ ಇದ ಆಟ ಅದರಿ. ಎಲ್ಲಾರಿಗೂ ನೀಡಿ, ಉಳದ್ರ ನನಗ. ಎರಡ ತಾಸು ಬ್ಯಾರೆ ಏನರ ಆಡೂಣು ಅಂತ ಬರ್ತಿದ್ದೆ. ಅಲ್ಲೂ ನೀವು ಅದನ್ನ ಆಡ್ಸಿದ್ರಿ."

ಇಷ್ಟು ಹೇಳಿ, "ಹೋಗಿ ಬರ್ರಿ ಸರ, ಬಿಸಿಲದ" ಎಂದು ತಿರುಗಿ ಹೋದಳು.

ಆ ಭಾನುವಾರದ ನಂತರ ಗೋದಾಮಿನ ಕೋಣೆಗೆ ನಾನು ಹೋಗಲಿಲ್ಲ. ಏಪ್ರಿಲ್‌ನಲ್ಲಿ ನನ್ನ ಅವಧಿ ಮುಗಿಯಿತು. ಅವಳು ಪರೀಕ್ಷೆ ಬರೆದು ಪಾಸಾದಳೆಂದು ಖಾಜಾ ಫೋನಿನಲ್ಲಿ ಹೇಳಿದ. ಮುಂದಿನದು ಅವನಿಗೂ ಗೊತ್ತಿರಲಿಲ್ಲ. ಉಳಿದ ಪುಸ್ತಿಕೆಗಳು ಎಲ್ಲಿ ಹೋದವೆಂದು ನಾನು ವಿಚಾರಿಸಲಿಲ್ಲ. ಕಸವಾಗಿರಬೇಕು ಎಂದುಕೊಂಡಿದ್ದೆ, ಹಾಗೆಂದುಕೊಳ್ಳುವುದರಲ್ಲಿ ಒಂದು ಸಮಾಧಾನವಿತ್ತು.

ಆ ಸಮಾಧಾನ ಕಳೆದ ಚಳಿಗಾಲದ ಸ್ಪರ್ಧೆಯ ದಿನ ಮುಗಿಯಿತು. ಬಹುಮಾನ ಹಂಚಿ ಕೆಳಗಿಳಿದಾಗ ಸುರಪುರದಿಂದ ಬಂದಿದ್ದ ಒಬ್ಬ ವಿದ್ಯಾರ್ಥಿನಿ ಓಡಿ ಬಂದು ಕೈಮುಗಿದಳು.

"ಸರ, ಪುಸ್ತಕದ ಮ್ಯಾಲ ಹೆಸರಿರೋದು ನಿಮ್ಮದ ಅಲ್ರಿ? ನಿಮ್ಮ ಕಥಿ ಆಟ ನಾವೂ ಆಡ್ತೀವ್ರಿ. ಹುಣಸಗಿಯಾಗೂ ಆಡ್ತಾರ."

ಚೀಲದಿಂದ ಪುಸ್ತಿಕೆ ತೆಗೆದು ತೋರಿಸಿದಳು. ಜೆರಾಕ್ಸಿನ ಜೆರಾಕ್ಸು. ಅಕ್ಷರಗಳು ಮಾಸಿದ್ದವು, ಹನ್ನೊಂದನೆಯ ಪುಟ ಮಾತ್ರ ಚೆನ್ನಾಗಿ ಓದುವಂತಿತ್ತು. ಮದ್ದುಗಾತಿಯ ಕಸುಬು ಯಾರಿಗೆ ಕೊಡುತ್ತೀರಿ ಎಂದು ಕೇಳಿದೆ.

"ಹೊಸದಾಗಿ ಬಂದವರಿಗ್ರಿ. ಅದರಾಗ ಕೆಲ್ಸ ಕಮ್ಮಿ ಅಲ್ರಿ, ಲಗೂನ ಮುಗೀತದ. ಆಮ್ಯಾಲ ಕೂತು ನೋಡಿ ಕಲೀತಾರ."

"ಬಿಡಾರ ಹೂಡುವುದು?"

"ವೋಟ್ ಹಾಕ್ತೀವ್ರಿ. ಭಾಳ ಚೊಲೊ ರೂಲ್ ಅದು ಸರ. ಜಗಳನ ಇಲ್ಲ."

ಹೊಸದಾಗಿ ಬಂದವರು ಎಷ್ಟು ದಿನ ಉಳಿಯುತ್ತಾರೆ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಅವಳ ಗೆಳತಿಯರು ಬಸ್ಸಿಗೆಂದು ಕೂಗಿದರು. ಈ ಸಲ ನಾನು ಯಾರನ್ನೂ ನಿಲ್ಲಿಸಿಕೊಳ್ಳಲಿಲ್ಲ. ನಾನು ಆಡಿದ ಒಳ್ಳೆಯ ಮಾತುಗಳಲ್ಲಿ ಒಂದೂ ಆ ಊರುಗಳಲ್ಲಿ ಬೇರು ಬಿಟ್ಟಿಲ್ಲ. ಬೇರು ಬಿಟ್ಟದ್ದು ಇದೊಂದೇ ನಿಯಮ. ಆಮೇಲೆ ವಿಚಾರಿಸಿ, ಈ ಆಟ ಆಡುವ ನಾಲ್ಕು ಊರಿಗೆ ನಿಯಮ ಬದಲಿಸಿರೆಂದು ಪತ್ರ ಬರೆದಿದ್ದೇನೆ, ಒಂದಕ್ಕೂ ಉತ್ತರವಿಲ್ಲ. ಜಗಳವಿಲ್ಲದೆ ನಡೆಯುತ್ತಿರುವುದನ್ನು ಯಾರು ತಾನೆ ಕೆದಕುತ್ತಾರೆ? ಈ ಬರಹವೂ ಅದೇ ದಾರಿ ಹಿಡಿಯಬಹುದೆಂಬ ಅಂಜಿಕೆಯಲ್ಲೇ ಬರೆಯುತ್ತಿದ್ದೇನೆ.

ಆದರೂ ಕೇಳುತ್ತೇನೆ. ಆ ಪುಸ್ತಿಕೆಯ ಒಂದು ಪ್ರತಿ ನಿಮ್ಮಲ್ಲಿದ್ದರೆ, ಅಥವಾ ನಿಮ್ಮ ಮಕ್ಕಳ ಚೀಲದಲ್ಲಿ ಕಂಡರೆ, ದಯವಿಟ್ಟು ಹನ್ನೊಂದನೆಯ ಪುಟ ತೆರೆದು, ಬಿಡಾರಕ್ಕೆ ಬಹುಮತ ಬೇಕೆನ್ನುವ ಸಾಲನ್ನು ಹೊಡೆದುಹಾಕಿ. ಅದರ ಜಾಗದಲ್ಲಿ ಏನು ಬರೆಯಬೇಕೆಂದು ನಾನು ಹೇಳುವುದಿಲ್ಲ. ನಿಮ್ಮ ಮೇಜಿನಲ್ಲಿ ಮದ್ದುಗಾತಿಯಾಗಿ ಕುಳಿತವರನ್ನು ಕೇಳಿ, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆಯಿರಿ.